ಸೆವಿಯಾದಲ್ಲಿ ಐದು ರಾತ್ರಿಗೆ ಮನೆ ಸಿಗುತ್ತೆ, ಐದು ವರ್ಷಕ್ಕೆ ಸಿಗಲ್ಲ

ಹೋಟೆಲ್ ರೂಮಿಗೂ ಪ್ರವಾಸಿಗರಿಗೆ ಕೊಡುವ ಅಪಾರ್ಟ್‌ಮೆಂಟಿಗೂ ಏನು ವ್ಯತ್ಯಾಸ ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ ಪದದ್ದು: ಒಲೆ. ಒಲೆ, ಸಿಂಕು, ಬಟ್ಟೆ ಒಗೆಯುವ ಮಷೀನು ಇದ್ದರೆ ಅದು ರೂಮಲ್ಲ, ಮನೆ. ಅಲ್ಲಿ ಒಂದು ಸಂಸಾರ ಇರಬಹುದಿತ್ತು, ನಿನ್ನೆ ಮೊನ್ನೆಯವರೆಗೆ ಬಹುಶಃ ಇತ್ತು ಕೂಡ. ಸ್ಪೇನ್‌ನಲ್ಲಿ ಕಳೆದ ಕೆಲವು ವರ್ಷಗಳಿಂದ ನಡೀತಿರುವ ಬೀದಿ ಹೋರಾಟ, ಕೋರ್ಟು ಕೇಸು, ಹೊಸ ಹೊಸ ಕಾಯ್ದೆ ಇವೆಲ್ಲ ಆ ಒಲೆಯ ಸುತ್ತಲೇ ಇವೆ.

2025ರ ಅಕ್ಟೋಬರ್‌ನಲ್ಲಿ ನಾನು ಮತ್ತು ನನ್ನ ಗೆಳತಿ ಸೆವಿಯಾದಲ್ಲಿ ಐದು ರಾತ್ರಿ ಇದ್ದೆವು. ಇಂಗ್ಲಿಷಿನವರು ಸೆವಿಲ್ ಅಂತ ಕರೆಯುವ ಊರು. ದಕ್ಷಿಣ ಸ್ಪೇನ್‌ನ ಆಂದಲೂಸಿಯಾ ಪ್ರಾಂತ್ಯದ ರಾಜಧಾನಿ. ಜನಸಂಖ್ಯೆ ಏಳು ಲಕ್ಷಕ್ಕೆ ಸ್ವಲ್ಪ ಕಡಿಮೆ. ಅಲ್ಲಿನ ಕ್ಯಾಥೆಡ್ರಲ್, ಅಲ್ಕಾಝರ್ ಅರಮನೆಗೆ 1987ರಲ್ಲೇ ಯುನೆಸ್ಕೋ ಪಟ್ಟ ಸಿಕ್ಕಿದೆ. ನಮಗೆ ಸಿಕ್ಕಿದ ಮನೆ ಹಳೆ ಊರಿನ ಉತ್ತರಕ್ಕೆ, ಫೇರಿಯಾ ಬೀದಿಯ ಹತ್ತಿರ. ಅಲ್ಲಿ ಪ್ರತಿ ಗುರುವಾರ ಹಳೆ ಸಾಮಾನಿನ ಸಂತೆ ನಡೆಯುತ್ತೆ. ಸಂತೆಯ ಹೆಸರೇ ಗುರುವಾರ.

ಮನೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ? ಬಿಳಿ ಗೋಡೆ, ಸೊಂಟದ ಎತ್ತರಕ್ಕೆ ನೀಲಿ ಹಳದಿ ಬಣ್ಣದ ಹಳೆ ಹೆಂಚಿನ ಚಿತ್ತಾರ, ಮರದ ತೊಲೆಗಳನ್ನು ಹಾಗೇ ಉಳಿಸಿಕೊಂಡ ಮಾಳಿಗೆ, ನಡುವೆ ಒಂದು ಪುಟ್ಟ ಅಂಗಳ. ಬೆಂಗಳೂರಿಂದ ಹೊತ್ತೊಯ್ದ ಸಾರಿನ ಪುಡಿಗೆ ಮಾರ್ಕೆಟ್ಟಿನ ಟೊಮ್ಯಾಟೊ ಸೇರಿಸಿ ಎರಡು ರಾತ್ರಿ ಅನ್ನ ಸಾರು ಮಾಡಿಕೊಂಡು ಉಂಡೆವು. ಯುರೋಪಿಗೆ ಹೋಗುವ ನಮ್ಮವರು ಹೋಟೆಲ್ ಬಿಟ್ಟು ಅಪಾರ್ಟ್‌ಮೆಂಟ್ ಹುಡುಕೋದು ಹೆಚ್ಚಾಗಿ ಇದಕ್ಕೇ. 2011ರ 'ಜಿಂದಗಿ ನಾ ಮಿಲೇಗಿ ದೊಬಾರಾ' ನೋಡಿ ಸ್ಪೇನ್ ಕನಸು ಕಂಡ ತಲೆಮಾರು ಈಗ ಸಂಬಳ ಎಣಿಸ್ತಿದೆ. ಗುಂಪಾಗಿ ಹೋಗ್ತಾರೆ, ಖರ್ಚು ಹಂಚಿಕೊಳ್ತಾರೆ, ಅಡುಗೆ ಮಾಡ್ಕೊಳ್ತಾರೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಆದರೆ ಐದು ದಿನದಲ್ಲಿ ಮನೆ ಓನರ್ ಮುಖ ನೋಡಲಿಲ್ಲ. ಬಾಗಿಲ ಪಕ್ಕ ನಂಬರ್ ಒತ್ತಿದರೆ ತೆರೆದುಕೊಳ್ಳುವ ಕೀಲಿ ಡಬ್ಬಿ. ಅಂಥವು ಆ ಗೋಡೆ ಮೇಲೆ ನಾಲ್ಕಿದ್ದವು. ಮೇಲೆ ಸಣ್ಣ ಫಲಕ: ವಿ.ಎಫ್.ಟಿ., ಅಂದರೆ ಪ್ರವಾಸಿ ಉದ್ದೇಶದ ಮನೆ. ಕಟ್ಟಡದಲ್ಲಿ ಖಾಯಂ ವಾಸ ಇದ್ದದ್ದು ಒಬ್ಬರೇ ಅಜ್ಜಿ, ಎರಡನೇ ಮಹಡಿಯಲ್ಲಿ. ನನ್ನ ಮೊಬೈಲಿನ ಅನುವಾದದ ಆ್ಯಪ್ ಮೂಲಕ ಮೆಟ್ಟಿಲ ಮೇಲೆ ನಾಲ್ಕು ಮಾತಾಯಿತು. ಮದುವೆಯಾಗಿ ಬಂದಾಗಿನಿಂದ ಅದೇ ಮನೆಯಂತೆ. ಆಕೆಗೆ ಗದ್ದಲಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು: ರಾತ್ರಿ ಎದೆ ನೋವು ಬಂದರೆ ಯಾರ ಬಾಗಿಲು ಬಡೀಬೇಕು? ಪಕ್ಕದ ಮನೆಯವರು ಮೂರು ದಿನಕ್ಕೊಮ್ಮೆ ಬದಲಾಗ್ತಾರೆ.

ಈ ಅಜ್ಜಿ ಇನ್ನೂ ಅಲ್ಲಿ ಉಳಿದಿರೋದು ಹೇಗೆ, ಉಳಿದವರು ಹೋದದ್ದು ಹೇಗೆ? ಇದಕ್ಕೆ ಉತ್ತರ ಸ್ಪೇನ್‌ನ ಬಾಡಿಗೆ ಕಾಯ್ದೆಗಳಲ್ಲಿದೆ. ಸ್ವಲ್ಪ ತಾಳ್ಮೆಯಿಂದ ಓದಿ.

ಸರ್ವಾಧಿಕಾರಿ ಫ್ರಾಂಕೋ ಕಾಲದಲ್ಲಿ ಬಾಡಿಗೆ ಒಪ್ಪಂದ ತನ್ನಷ್ಟಕ್ಕೆ ಮುಂದುವರೀತಿತ್ತು. ಓನರ್ ಬೇಡ ಅಂದರೂ ಎಬ್ಬಿಸೋ ಹಾಗಿರಲಿಲ್ಲ, ಬಾಡಿಗೆ ಏರಿಕೆಗೂ ಕಡಿವಾಣ ಇತ್ತು. 1985ರಲ್ಲಿ ಅರ್ಥ ಸಚಿವ ಮಿಗೆಲ್ ಬೊಯೆರ್ ತಂದ ಆದೇಶ ಹೊಸ ಒಪ್ಪಂದಗಳಿಗೆ ಈ ರಕ್ಷಣೆ ತೆಗೆಯಿತು. ಸಮಾಜವಾದಿ ಸರ್ಕಾರವೇ ಇದನ್ನು ಮಾಡಿದ್ದು ಅನ್ನೋದನ್ನ ಗಮನಿಸಿ. 1994ರ ಕಾಯ್ದೆ ಐದು ವರ್ಷದ ಭದ್ರತೆ ಕೊಟ್ಟಿತು, 2013ರಲ್ಲಿ ಅದು ಮೂರಕ್ಕೆ ಇಳಿಯಿತು, 2019ರಲ್ಲಿ ಮತ್ತೆ ಐದಾಯಿತು (ಓನರ್ ಕಂಪನಿಯಾದರೆ ಏಳು). 1985ಕ್ಕೂ ಹಿಂದಿನ ಒಪ್ಪಂದ ಇರುವ ಬಾಡಿಗೆದಾರರು ಮಾತ್ರ ಇವತ್ತಿಗೂ ಹಳೆ ರಕ್ಷಣೆಯಲ್ಲಿದ್ದಾರೆ. ಆ ಅಜ್ಜಿ ಅವರಲ್ಲೊಬ್ಬರು. ಇಂಥವರನ್ನು ಕಾನೂನಿನಿಂದ ಎಬ್ಬಿಸೋಕಾಗಲ್ಲ, ಹಾಗಾಗಿ ಬೇರೆ ದಾರಿ ಹುಡುಕುವವರು ಇದ್ದಾರೆ: ಸೋರುವ ಮಾಳಿಗೆ ರಿಪೇರಿ ಮಾಡಿಸದೆ ಬಿಡೋದು, ವಿನಾಕಾರಣ ನೋಟಿಸು ಕಳಿಸೋದು, ಪದೇ ಪದೇ ಬಂದು ಹೆದರಿಸೋದು. ಆಂದಲೂಸಿಯಾದ ಜನ ಅವರಿಗೊಂದು ಹೆಸರಿಟ್ಟಿದ್ದಾರೆ: ಅಸುಸ್ತಾವಿಯೆಹಾಸ್. ಅಂದರೆ ಮುದುಕಿಯರನ್ನು ಹೆದರಿಸುವವರು. ಒಂದು ವ್ಯವಹಾರಕ್ಕೆ ಹೀಗೊಂದು ಪದವೇ ಹುಟ್ಟಬೇಕಾದರೆ ಅದು ಎಷ್ಟು ಮಾಮೂಲಾಗಿರಬೇಕು ಯೋಚಿಸಿ.

2013ರ ಆ ತಿದ್ದುಪಡಿಯಲ್ಲಿ ಇನ್ನೊಂದು ಸಾಲು ಇತ್ತು. ಆಗ ಯಾರೂ ಅಷ್ಟಾಗಿ ಗಮನಿಸಿರಲಿಲ್ಲ, ನನ್ನ ಪ್ರಕಾರ ಇಡೀ ಕತೆಯ ಕೀಲಿ ಅದೇ. ಪ್ರವಾಸಿಗರಿಗೆ ಅಲ್ಪಾವಧಿಗೆ ಕೊಡುವ ಮನೆಗಳನ್ನು ಬಾಡಿಗೆ ಕಾಯ್ದೆಯಿಂದಲೇ ಹೊರಗಿಟ್ಟು, ನಿಯಮ ಮಾಡುವ ಹೊಣೆಯನ್ನು ಪ್ರಾಂತ್ಯಗಳಿಗೆ ಬಿಡಲಾಯಿತು. ಆಂದಲೂಸಿಯಾ 2016ರಲ್ಲಿ ತನ್ನ ನಿಯಮ ತಂದಿತು. ಮೊದಲು ಪರಿಶೀಲನೆ, ಆಮೇಲೆ ಪರವಾನಗಿ ಅನ್ನೋ ಪದ್ಧತಿ ಅಲ್ಲ ಅದು. ಎಲ್ಲ ಸರಿ ಇದೆ ಅಂತ ಓನರೇ ಘೋಷಿಸಿಕೊಂಡರೆ ನೋಂದಣಿ ಸಂಖ್ಯೆ ಸಿಗ್ತಿತ್ತು.

ಆ ನಿಯಮದಲ್ಲಿ ಒಂದು ಷರತ್ತು ನನ್ನನ್ನು ತುಂಬ ಕಾಡಿತು. ಮೇಯಿಂದ ಸೆಪ್ಟೆಂಬರ್‌ವರೆಗೆ ಮನೆ ಕೊಡೋದಾದರೆ ಮಲಗುವ ಕೋಣೆ, ಹಾಲ್ ಎರಡರಲ್ಲೂ ತಂಪು ಮಾಡುವ ಸ್ಥಿರ ವ್ಯವಸ್ಥೆ ಇರಲೇಬೇಕು. ಒಳ್ಳೇದೇ. ಸೆವಿಯಾದ ಬೇಸಿಗೆ ಎಂಥದ್ದು ಅಂದರೆ 2022ರಲ್ಲಿ ಆ ಊರು ಚಂಡಮಾರುತಕ್ಕೆ ಹೆಸರಿಡುವ ಹಾಗೆ ಬಿಸಿಗಾಳಿಗೇ ಹೆಸರಿಟ್ಟಿತು, ಜಗತ್ತಿನಲ್ಲೇ ಮೊದಲು. ಆ ಬಿಸಿಗಾಳಿಯ ಹೆಸರು ಝೋಯೆ. 40 ಡಿಗ್ರಿ ದಾಟೋದು ಅಲ್ಲಿ ಸುದ್ದಿಯೇ ಅಲ್ಲ. ಆದರೆ ಅದೇ ಕಟ್ಟಡದಲ್ಲಿ ಬದುಕಿಡೀ ಕಳೆಯುವ ಬಾಡಿಗೆದಾರರಿಗೆ ಎಸಿ ಕೊಡಲೇಬೇಕು ಅನ್ನೋ ನಿಯಮ ಇಲ್ಲ. ಮೂರು ರಾತ್ರಿಯ ಅತಿಥಿಗೆ ತಂಪು ಹಕ್ಕು, ಐವತ್ತು ವರ್ಷದ ನಿವಾಸಿಗೆ ಅವರವರ ಅದೃಷ್ಟ.

ಇನ್ನು ಲೆಕ್ಕ. ತಿಂಗಳಿಗೆ 900 ಯೂರೋ ಬಾಡಿಗೆ ಬರುವ ಮನೆ ಅಂತ ಇಟ್ಕೊಳ್ಳಿ. ಅದನ್ನೇ ರಾತ್ರಿಗೆ 110 ಯೂರೋದಂತೆ ತಿಂಗಳಲ್ಲಿ ಇಪ್ಪತ್ತು ರಾತ್ರಿ ಕೊಟ್ಟರೆ 2,200. ಕ್ಲೀನಿಂಗ್, ವೆಬ್‌ಸೈಟಿನ ಕಮಿಷನ್, ಕೀಲಿ ಡಬ್ಬಿ ನೋಡಿಕೊಳ್ಳುವ ಏಜೆನ್ಸಿಯ ಪಾಲು ಎಲ್ಲ ಕಳೆದರೂ ಮೊದಲಿನದ್ದಕ್ಕಿಂತ ಹೆಚ್ಚು ಉಳಿಯುತ್ತೆ. ಜೊತೆಗೆ ಐದು ವರ್ಷದ ಬಂಧನ ಇಲ್ಲ, ಬಾಡಿಗೆ ಏರಿಸಲು ಮಿತಿ ಇಲ್ಲ, ನಾಳೆ ಮನೆ ಮಾರಬೇಕೆಂದರೆ ಖಾಲಿ ಮಾಡಿಸುವ ತಲೆನೋವು ಇಲ್ಲ. ಓನರ್ ಕೆಟ್ಟವನಾಗಬೇಕಾದ ಅಗತ್ಯವೇ ಇಲ್ಲ ಕಣ್ರೀ, ಕಾಯ್ದೆ ತೋರಿಸಿದ ದಾರಿಯಲ್ಲಿ ನಡೆದರೆ ಸಾಕು. ಏರ್‌ಬಿಎನ್‌ಬಿ 2008ರಲ್ಲಿ ಶುರುವಾದದ್ದು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಮನೆಯ ಹಾಲಿನಲ್ಲಿ ಗಾಳಿ ಹಾಸಿಗೆ ಹಾಕಿ ಅತಿಥಿಗಳನ್ನು ಇಟ್ಟುಕೊಳ್ಳುವ ಐಡಿಯಾದಿಂದ. ಆಗ ಮನೆಯವರು ಮನೆಯಲ್ಲೇ ಇದ್ದರು. ನಮ್ಮ ಕೊಡಗಿನ ಹಳೆ ಹೋಮ್‌ಸ್ಟೇಗಳ ಹಾಗೆ, ಬೆಳಗ್ಗೆ ತಿಂಡಿಗೆ ಮನೆಯಾಕೆಯೇ ಬರಬೇಕಿತ್ತು. ಸೆವಿಯಾದ ಕೀಲಿ ಡಬ್ಬಿಗೂ ಆ ಐಡಿಯಾಕ್ಕೂ ಈಗ ಸಂಬಂಧ ಉಳಿದಿಲ್ಲ.

ಓನರ್‌ಗಳ ಸಂಘಗಳು ಒಂದು ವಾದ ಹೂಡ್ತವೆ: ದೇಶದ ಒಟ್ಟು ಮನೆಗಳಲ್ಲಿ ಪ್ರವಾಸಿ ಮನೆಗಳ ಪಾಲು ನೂರಕ್ಕೆ ಒಂದೂವರೆಯ ಆಸುಪಾಸು, 2021ರ ಗಣತಿಯಲ್ಲಿ 38 ಲಕ್ಷ ಮನೆ ಖಾಲಿ ಸಿಕ್ಕಿವೆ, ನಮ್ಮನ್ನೇ ಯಾಕೆ ದೂರ್ತೀರಿ? ಅಂಕಿ ಸರಿ. ಆದರೆ ಖಾಲಿ ಮನೆಗಳಲ್ಲಿ ಬಹಳಷ್ಟು ಜನ ಬಿಟ್ಟು ಹೋದ ಹಳ್ಳಿಗಳಲ್ಲಿವೆ. ಪ್ರವಾಸಿ ಮನೆಗಳು ಗುಂಪುಗೂಡಿರೋದು ಕ್ಯಾಥೆಡ್ರಲ್ ಸುತ್ತಲಿನ ಹತ್ತಾರು ಬೀದಿಗಳಲ್ಲಿ. ಸರಾಸರಿ ತೆಗೆದರೆ ಎರಡೂ ಕಾಣಲ್ಲ.

ಇದಕ್ಕಿಂತ ಗಟ್ಟಿ ವಾದ ಇನ್ನೊಂದಿದೆ, ಅದನ್ನು ನಾನೂ ಒಪ್ತೀನಿ: ಪ್ರವಾಸಿ ಮನೆ ಒಂದೇ ಕಾರಣ ಅಲ್ಲ. ಸ್ಪೇನ್ ದಶಕಗಟ್ಟಲೆ ಸರ್ಕಾರಿ ನೆರವಿನ ಮನೆ ಕಟ್ಟಿತು, ಆದರೆ ಬಾಡಿಗೆಗೆ ಕೊಡೋಕಲ್ಲ, ಮಾರೋಕೆ. ನಿಗದಿತ ವರ್ಷ ಕಳೆದ ಮೇಲೆ ಅವೂ ಮುಕ್ತ ಮಾರುಕಟ್ಟೆಗೆ ಬಂದವು. ಜನ ಬಾಡಿಗೆದಾರರಾಗಿ ಇರೋದಕ್ಕಿಂತ ಮಾಲೀಕರಾದರೆ ಗಲಾಟೆ ಮಾಡಲ್ಲ ಅನ್ನೋದು ಫ್ರಾಂಕೋ ಆಡಳಿತದ ಎಣಿಕೆ; ಪ್ರಜಾಪ್ರಭುತ್ವ ಬಂದ ಮೇಲೂ ಆ ನೀತಿ ಬದಲಾಗಲಿಲ್ಲ. ಫಲವಾಗಿ ಸಾಮಾಜಿಕ ಬಾಡಿಗೆ ಮನೆಗಳ ಪಾಲು ಇವತ್ತಿಗೂ ತೀರಾ ಕಡಿಮೆ. 1978ರ ಸಂವಿಧಾನದ 47ನೇ ವಿಧಿ ಯೋಗ್ಯ ವಸತಿಯನ್ನು ಹಕ್ಕು ಅನ್ನುತ್ತೆ, ಭೂಮಿಯ ಸಟ್ಟಾ ವ್ಯಾಪಾರ ತಡೆಯೋದು ಸರ್ಕಾರದ ಕೆಲಸ ಅಂತಲೂ ಹೇಳುತ್ತೆ. ಕಾಗದದ ಮೇಲೆ.

ಸೆವಿಯಾದ ಹಳೆ ಬಡಾವಣೆಗಳಲ್ಲಿ 'ಕೊರ್ರಾಲ್ ದೆ ವೆಸಿನೋಸ್' ಅನ್ನೋ ವಸತಿ ಇತ್ತು. ಕನ್ನಡದಲ್ಲಿ ಇದಕ್ಕೆ ಸರಿಯಾದ ಪದವೇ ಇದೆ: ವಠಾರ. ನಡುವೆ ಅಂಗಳ, ಸುತ್ತ ಒಂದೊಂದೇ ಕೋಣೆಯ ಸಂಸಾರಗಳು, ಎಲ್ಲರಿಗೂ ಒಂದೇ ನಲ್ಲಿ, ಹಂಚಿಕೊಂಡ ಪಾಯಿಖಾನೆ, ಬಟ್ಟೆ ಒಗೆಯುವ ಕಲ್ಲಿನ ತೊಟ್ಟಿ. ನದಿಯಾಚೆಯ ತ್ರಿಯಾನಾ ಇಂಥ ವಠಾರಗಳಿಗೆ ಹೆಸರುವಾಸಿ. ಅಲ್ಲಿದ್ದ ಹಿತಾನೋ ಸಮುದಾಯದ ಕುಟುಂಬಗಳನ್ನು 1950, 60ರ ದಶಕಗಳಲ್ಲಿ ಊರಾಚೆ ಸಾಗಿಸಲಾಯಿತು. ಅವರ ಫ್ಲಮೆಂಕೋ ಮಾತ್ರ ಟಿಕೆಟ್ ಹಚ್ಚಿಕೊಂಡು ಅಲ್ಲೇ ಉಳಿಯಿತು. ಉಳಿದ ವಠಾರಗಳಲ್ಲಿ ಕೆಲವು ಈಗ ಹೋಟೆಲ್, ಪ್ರವಾಸಿ ಅಪಾರ್ಟ್‌ಮೆಂಟ್. ನಾವು ಫೋಟೋ ತೆಗೆದುಕೊಳ್ಳುವ ಆ ಚೆಂದದ ಅಂಗಳಗಳಲ್ಲಿ ಒಂದು ಕಾಲದಲ್ಲಿ ಬಿಂದಿಗೆ ಸಾಲು ಇರುತ್ತಿತ್ತು.

ಆ ಹೆಸರು 2012ರಲ್ಲಿ ಮತ್ತೆ ಕೇಳಿಬಂತು. 2008ರ ಕುಸಿತದ ನಂತರ ಸ್ಪೇನ್‌ನಲ್ಲಿ ಸಾಲ ಕಟ್ಟಲಾಗದೆ ಮನೆ ಕಳೆದುಕೊಂಡವರು ಲಕ್ಷಗಟ್ಟಲೆ. ಸೆವಿಯಾದಲ್ಲಿ ಅಂಥ 36 ಕುಟುಂಬಗಳು, ಕಟ್ಟಿ ಮುಗಿದೂ ಯಾರೂ ವಾಸಕ್ಕೆ ಬಾರದೆ ಖಾಲಿ ಬಿದ್ದಿದ್ದ ಕಟ್ಟಡವೊಂದಕ್ಕೆ ನುಗ್ಗಿ ಅದಕ್ಕೆ 'ಕೊರ್ರಾಲಾ ಉತೋಪಿಯಾ' ಅಂತ ಹೆಸರಿಟ್ಟವು. ಆದರ್ಶ ವಠಾರ! ಅವರಿಗೆ ನೀರು, ಕರೆಂಟು ಕಡಿತ ಮಾಡಲಾಯಿತು. ಎರಡು ವರ್ಷ ಹಾಗೇ ಬದುಕಿದರು. 2014ರ ಏಪ್ರಿಲ್ 6ರ ಬೆಳಗ್ಗೆ ಪೊಲೀಸರು ಬಂದು ಖಾಲಿ ಮಾಡಿಸಿದರು. ಬದಲಿ ಮನೆ ಕೊಡುವ ವಿಷಯಕ್ಕೆ ಆಂದಲೂಸಿಯಾದ ಸಮಾಜವಾದಿ ಮತ್ತು ಎಡರಂಗದ ಸಮ್ಮಿಶ್ರ ಸರ್ಕಾರ ಬೀಳುವ ಹಂತಕ್ಕೆ ಹೋಗಿ ಬಂತು.

ಹತ್ತು ವರ್ಷದ ನಂತರ, 2024ರಲ್ಲಿ, ಅದೇ ಊರಿನ ಮೇಯರ್ ಹೋಸೆ ಲೂಯಿಸ್ ಸಾನ್ಸ್ ಒಂದು ಘೋಷಣೆ ಮಾಡಿದರು: ಅಕ್ರಮ ಪ್ರವಾಸಿ ಮನೆಗಳಿಗೆ ನೀರು ಬಂದ್. ಅವರು ಎಡಪಂಥದವರಲ್ಲ, ಬಲಪಂಥೀಯ ಪಾಪ್ಯುಲರ್ ಪಾರ್ಟಿಯವರು. ಮೊದಲು ಖಾಲಿ ಮನೆಗೆ ನುಗ್ಗಿದ ಬಡವರ ನೀರು, ಈಗ ಜನರನ್ನು ಖಾಲಿ ಮಾಡಿಸಿದ ಮನೆಗಳ ನೀರು. ಒಂದೇ ನಲ್ಲಿ, ಎರಡು ಕಡೆ ತಿರುಗಿದೆ. ಬಲಪಂಥವೂ ಹೀಗೆ ಮಾತಾಡಬೇಕಾಗಿ ಬಂದದ್ದು ಬೀದಿಯ ಒತ್ತಡದಿಂದ ಅನ್ನೋದು ನನ್ನ ಓದು. 2024ರಲ್ಲಿ ಸುಮಾರು 4.9 ಕೋಟಿ ಜನರ ಆ ದೇಶಕ್ಕೆ 9.4 ಕೋಟಿಯಷ್ಟು ವಿದೇಶಿ ಪ್ರವಾಸಿಗರು ಬಂದರು. ಅದೇ ವರ್ಷ ಕ್ಯಾನರಿ ದ್ವೀಪಗಳಲ್ಲಿ, ಬಾರ್ಸಿಲೋನಾದಲ್ಲಿ ಜನ ಬೀದಿಗಿಳಿದರು. ಪ್ರವಾಸಿಗರ ಮೇಲೆ ಆಟಿಕೆ ಪಿಸ್ತೂಲಿನಿಂದ ನೀರು ಚಿಮುಕಿಸಿದ ದೃಶ್ಯ ನಮ್ಮ ಮೊಬೈಲ್‌ಗಳಿಗೂ ಬಂತು, ಹಿಂದಿದ್ದ ಬೇಡಿಕೆ ಬರಲಿಲ್ಲ.

ಆಮೇಲೆ ಒಂದರ ಹಿಂದೊಂದು ಕ್ರಮ. 2025ರ ಏಪ್ರಿಲ್‌ನಿಂದ ಕಟ್ಟಡದ ಮಾಲೀಕರಲ್ಲಿ ಐದರಲ್ಲಿ ಮೂರು ಪಾಲು ಒಪ್ಪದೆ ಅಲ್ಲಿ ಹೊಸ ಪ್ರವಾಸಿ ಮನೆ ಶುರು ಮಾಡುವಂತಿಲ್ಲ. ಮೇ ತಿಂಗಳಲ್ಲಿ ಗ್ರಾಹಕ ಸಚಿವಾಲಯ 65,935 ಜಾಹೀರಾತು ತೆಗೆಯಿರಿ ಅಂತ ಏರ್‌ಬಿಎನ್‌ಬಿಗೆ ಸೂಚಿಸಿದ್ದು ಹೊರಬಂತು. ಪರವಾನಗಿ ಸಂಖ್ಯೆ ಇಲ್ಲದವು, ಸುಳ್ಳು ಸಂಖ್ಯೆ ಹಾಕಿದವು ಇತ್ಯಾದಿ. ಜುಲೈನಿಂದ ದೇಶವ್ಯಾಪಿ ನೋಂದಣಿ. ಹಾಗಾಗಿ ಸ್ಪೇನ್‌ಗೆ ಹೊರಟಿದ್ದರೆ ಬುಕ್ ಮಾಡುವ ಮುಂಚೆ ನೋಂದಣಿ ಸಂಖ್ಯೆ ಇದೆಯಾ ನೋಡಿ, ಓನರ್ ಅಲ್ಲೇ ವಾಸಿಸುವ ಮನೆಯ ಕೋಣೆ ಸಿಕ್ಕರೆ ಇನ್ನೂ ಒಳ್ಳೇದು. ಆದರೆ ನೀವೊಬ್ಬರು, ನಾನೊಬ್ಬಳು ಹೋಟೆಲ್ಲಿಗೆ ಹೋದರೆ ಫೇರಿಯಾ ಬೀದಿಗೆ ಸಂಸಾರಗಳು ವಾಪಸ್ ಬರಲ್ಲ. ಬೇಕಾದ್ದು ಕಾಯ್ದೆ.

ಬಾರ್ಸಿಲೋನಾ ಎಲ್ಲರಿಗಿಂತ ದೂರ ಹೋಗಿದೆ. 10,101 ಪ್ರವಾಸಿ ಮನೆಗಳ ಪರವಾನಗಿ 2028ರ ನವೆಂಬರ್‌ಗೆ ಮುಗಿದ ಮೇಲೆ ಒಂದನ್ನೂ ನವೀಕರಿಸಲ್ಲ ಅಂತ ಮೇಯರ್ ಜೌಮೆ ಕೊಲ್ಬೋನಿ 2024ರ ಜೂನ್‌ನಲ್ಲಿ ಹೇಳಿದರು. ಅದಕ್ಕೆ ಆಧಾರವಾದ ಕ್ಯಾಟಲೋನಿಯಾದ ಕಾನೂನನ್ನು 2025ರ ಮಾರ್ಚ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ಎತ್ತಿಹಿಡಿಯಿತು. ಸೆವಿಯಾ ಅಷ್ಟು ಧೈರ್ಯ ಮಾಡಿಲ್ಲ. ಅಲ್ಲಿನ ನಗರಸಭೆ ಬಡಾವಣೆಯೊಂದರಲ್ಲಿ ಪ್ರವಾಸಿ ಮನೆಗಳು ಶೇ. 10 ದಾಟುವಂತಿಲ್ಲ ಅಂತ ಮಿತಿ ಹಾಕಿತು, ಆದರೆ ಈಗಾಗಲೇ ಕಾನೂನುಬದ್ಧವಾಗಿ ಇರುವುದನ್ನು ಮುಟ್ಟಲಿಲ್ಲ. ಹೊಸದು ಸಿಗಲ್ಲ ಅಂದ ಮೇಲೆ ಹಳೇ ಫಲಕಕ್ಕೆ ಬೆಲೆ ಬಂತು: ಮನೆ ಮಾರಾಟದ ಜಾಹೀರಾತುಗಳಲ್ಲಿ ಎಷ್ಟು ಕೋಣೆ, ಎಷ್ಟು ಚದರ ಮೀಟರ್ ಅನ್ನೋದರ ಜೊತೆಗೆ ಈಗ 'ಪ್ರವಾಸಿ ಪರವಾನಗಿ ಸಹಿತ' ಅನ್ನೋ ಸಾಲೂ ಇರುತ್ತೆ.