ಫ್ರಾನ್ಸಿನ ಗಿರಿಮಾರ್ಗಗಳಲ್ಲಿ ಸೈಕಲ್ ಯಾತ್ರೆ

ಅರವತ್ತನೆಯ ವಯಸ್ಸಿನಲ್ಲಿ ಸೈಕಲ್ಲನ್ನೇರಿ ಪರ್ವತಪ್ರದೇಶದಲ್ಲಿ ಸಂಚರಿಸಿ ಬಂದೆವೆಂದರೆ ವಾಚಕರಲ್ಲಿ ಕೆಲವರು ನಗಬಹುದು. ನಕ್ಕರೆ ನಮಗೆ ಬೇಸರವಿಲ್ಲ. ಆದರೆ ಇದು ಸಾಹಸವೂ ಅಲ್ಲ, ಪಂದ್ಯವೂ ಅಲ್ಲ. ನಮ್ಮ ಅಳಿಯಂದಿರು ಫ್ರಾನ್ಸ್ ದೇಶದ ಲಿಯೋನ್ ನಗರದಲ್ಲಿ ಉದ್ಯೋಗದಲ್ಲಿರುವರು. ಅವರ ಮನೆಗೆ ಹೋಗಿದ್ದಾಗ, ಮೇ ತಿಂಗಳಿನಲ್ಲಿ, ಎರಡು ಸೈಕಲ್ಲುಗಳನ್ನು ರೈಲಿಗೆ ಹಾಕಿಕೊಂಡು ಇಬ್ಬರೂ ದಕ್ಷಿಣದ ಸೆವೆನ್ ಪರ್ವತಗಳಿಗೆ ಹೋಗಿ, ಐದು ದಿನ ಅಲ್ಲಿಯ ಹಳ್ಳಿದಾರಿಗಳಲ್ಲಿ ತಿರುಗಿದೆವು. ಒಂದು ಮಧ್ಯಾಹ್ನ ಮೂರು ಗಂಟೆಗಳ ಕಾಲದಲ್ಲಿ ನಮ್ಮನ್ನು ಹಾದುಹೋದ ಮೋಟಾರು ಗಾಡಿಗಳು ಎರಡೇ ಎರಡು. ಕೇಳುತ್ತಿದ್ದುದು ಕೋಗಿಲೆಯ ಕೂಗು, ದನಗಳ ಕೊರಳ ಗಂಟೆ, ನಮ್ಮದೇ ಏದುಸಿರು. ಇಂಥ ನಿಶ್ಶಬ್ದವು ಆ ದೇಶಕ್ಕೆ ಎಲ್ಲಿಂದ ಬಂದಿತು ಎಂಬ ಪ್ರಶ್ನೆಯು ಮೊದಲನೆಯ ದಿನ ನಮಗೆ ಹೊಳೆಯಲಿಲ್ಲ. ನಾಲ್ಕನೆಯ ದಿನ ಉತ್ತರವು ತಾನಾಗಿ ಎದುರಿಗೆ ಬಂದು ನಿಂತಿತು.

ಮೊದಲು ಯಂತ್ರದ ವಿಚಾರ. ನಮ್ಮೂರಿನ ಸಾಮಾನ್ಯ ಸೈಕಲ್ಲಿನಲ್ಲಿ ಪೆಡಲನ್ನು ಒಂದು ಸುತ್ತು ತುಳಿದರೆ ಗಾಡಿಯು ಸುಮಾರು ಐದು ಮೀಟರು ಮುಂದಕ್ಕೆ ಹೋಗುವುದು. ಸಮನಾದ ನೆಲದಲ್ಲಿ ಇದು ಸುಖ. ಏರಿನಲ್ಲಿ ಇಳಿದು ತಳ್ಳುವುದೇ ಗತಿ. ಪ್ರವಾಸಕ್ಕೆಂದೇ ಮಾಡಿದ ಸೈಕಲ್ಲಿನಲ್ಲಿ ಮುಂದೆ ಮೂರು, ಹಿಂದೆ ಎಂಟೊಂಬತ್ತು ಹಲ್ಲುಚಕ್ರಗಳಿರುವುವು. ಮುಂದೆ 26 ಹಲ್ಲಿನ ಚಕ್ರಕ್ಕೂ ಹಿಂದೆ 34 ಹಲ್ಲಿನ ಚಕ್ರಕ್ಕೂ ಚೈನನ್ನು ಸರಿಸಿದರೆ ಒಂದು ಸುತ್ತಿಗೆ ಗಾಡಿಯು ಒಂದೂವರೆ ಮೀಟರಿಗಿಂತ ತುಸು ಹೆಚ್ಚು ಚಲಿಸುವುದು, ಅಷ್ಟೆ. ವೇಗವು ಕಾಲ್ನಡಿಗೆಯವನದಕ್ಕಿಂತ ಬಹಳ ಹೆಚ್ಚಲ್ಲ. ಆದರೆ ಮುದುಕನ ಮೊಣಕಾಲು ಉಳಿಯುತ್ತದೆ. ಚಕ್ರದ ನಾಭಿ, ಅರ, ನೇಮಿ, ಅಕ್ಷ ಎಂದು ಒಂದೊಂದು ಅಂಗಕ್ಕೂ ಹೆಸರಿಟ್ಟ ನಮ್ಮ ಪೂರ್ವಿಕರು ಗೇರಿಗೆ ಮಾತ್ರ ಹೆಸರಿಡದೆ ಹೋದರು. ನಾವೂ ಆ ಗೊಡವೆಗೆ ಹೋಗುವುದಿಲ್ಲ.

ಈ ಗೇರಿನ ಪಕ್ಷವನ್ನು ಹಿಡಿದು ಜೀವಮಾನವೆಲ್ಲ ವಾದಿಸಿದ ಮಹನೀಯನೊಬ್ಬನಿದ್ದನು. ಅವನ ಹೆಸರು ಪೋಲ್ ದ ವಿವಿ. ವೆಲೋಸಿಯೋ ಎಂಬುದು ಅವನ ಕಾವ್ಯನಾಮ. 1853ರಲ್ಲಿ ಹುಟ್ಟಿದ ಇವನು ಸೇಂತ್ ಎತಿಯೆನ್ ಪಟ್ಟಣದಲ್ಲಿ ರೇಷ್ಮೆಯ ವ್ಯಾಪಾರಿಯಾಗಿದ್ದು, ಅದನ್ನು ಬಿಟ್ಟು ಸೈಕಲ್ಲಿನ ವ್ಯಾಪಾರಕ್ಕಿಳಿದು, 1887ರಿಂದ ಸೈಕಲ್ ಸವಾರರಿಗಾಗಿ ಪತ್ರಿಕೆಯನ್ನು ನಡೆಸಿದನು. ಶಾಕಾಹಾರಿ. ಪರ್ವತವನ್ನು ಏರುವುದಕ್ಕೆ ಹಲವು ಗೇರುಗಳು ಬೇಕೆಂದು ಅವನು ಬರೆದಾಗ ಪಂದ್ಯದವರು ಅದನ್ನು ದುರ್ಬಲರ ಊರುಗೋಲೆಂದು ಹೀಯಾಳಿಸಿದರು. ಪ್ರಸಿದ್ಧವಾದ ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಚೈನು ಸರಿಸುವ ಸಾಧನಕ್ಕೆ ಎಲ್ಲರಿಗೂ ಅನುಮತಿ ದೊರೆತುದು 1937ರಲ್ಲಿ. ಅದನ್ನು ನೋಡಲು ವೆಲೋಸಿಯೋ ಇರಲಿಲ್ಲ. 1930ರಲ್ಲಿ, ಸೈಕಲ್ಲನ್ನು ಕೈಯಲ್ಲಿ ಹಿಡಿದು ನಡೆದು ರಸ್ತೆಯನ್ನು ದಾಟುತ್ತಿದ್ದಾಗ ಟ್ರಾಮ್ ಗಾಡಿ ತಗುಲಿ ತೀರಿಕೊಂಡನು. ಅವನು ಲೆಕ್ಕವಿಲ್ಲದಷ್ಟು ಸಲ ಏರಿದ, 1,161 ಮೀಟರು ಎತ್ತರದ ರೆಪುಬ್ಲಿಕ್ ಕಣಿವೆಯಲ್ಲಿ ಅವನ ಸ್ಮಾರಕಶಿಲೆಯಿದೆ.

ಇನ್ನು ದಾರಿಯ ವಿಚಾರ. ಮಿಷೆಲಿನ್ ಸಂಸ್ಥೆಯ ನಕ್ಷೆಯನ್ನು ಬಿಡಿಸಿದರೆ ದೊಡ್ಡ ರಸ್ತೆಗಳು ಕೆಂಪು, ನಡುತರದವು ಹಳದಿ, ಸಣ್ಣವು ಬಿಳುಪು. ಬಿಳಿಯ ಗೆರೆಯನ್ನು ಬಿಡದೆ ಹಿಡಿದು ಹೋಗಬೇಕೆಂಬುದೇ ಅಳಿಯಂದಿರು ನಮಗೆ ಹೇಳಿಕೊಟ್ಟ ಮೂಲಮಂತ್ರ. ಗೆರೆಯ ಮೇಲೆ ಬಾಣದ ಮೊನೆಯಂಥ ಗುರುತು ಒಂದಿದ್ದರೆ ಏರು ನೂರಕ್ಕೆ 5ರಿಂದ 9. ಎರಡಿದ್ದರೆ 9ರಿಂದ 13. ಮೂರಿದ್ದರೆ ಅದಕ್ಕೂ ಮೇಲೆ. ಮೂರಿದ್ದ ಕಡೆ ನಾವು ಸಂಕೋಚವಿಲ್ಲದೆ ಇಳಿದು ತಳ್ಳಿದೆವು.

ಬಿಳಿಯ ದಾರಿಗಳು ಅಷ್ಟೊಂದು ಏಕಿರುವುವು? ಆ ದೇಶವು ಸುಮಾರು 35,000 ಗ್ರಾಮಾಡಳಿತಗಳಾಗಿ ವಿಂಗಡವಾಗಿದೆ. 1836ರ ಒಂದು ಶಾಸನವು ನೆರೆಯೂರುಗಳನ್ನು ಕೂಡಿಸುವ ದಾರಿಗಳ ಹೊಣೆಯನ್ನು ಗ್ರಾಮಗಳ ಮೇಲೆ ಹೊರಿಸಿ, ಅದಕ್ಕಾಗಿ ಊರವರಿಂದ ವರ್ಷಕ್ಕೆ ಮೂರು ದಿನಗಳವರೆಗೆ ದುಡಿಮೆಯನ್ನು ಪಡೆಯಲು ಅವಕಾಶ ಕೊಟ್ಟಿತು. ಹೀಗೆ ಊರೂರಿಗೂ ದಾರಿಯಾಯಿತು. ಮುಂದೆ ಅವಕ್ಕೆ ಡಾಂಬರೂ ಬಂದಿತು. ಇಂದು ಆ ದೇಶದ ಹತ್ತು ಲಕ್ಷ ಕಿಲೋಮೀಟರಿಗೆ ಮೀರಿದ ರಸ್ತೆಗಳಲ್ಲಿ ರಾಷ್ಟ್ರೀಯ ಹೆದ್ದಾರಿಗಳು ನೂರಕ್ಕೆ ಸುಮಾರು ಎರಡು ಮಾತ್ರ. ಮಿಕ್ಕವೆಲ್ಲ ಜಿಲ್ಲೆಗಳವು, ಗ್ರಾಮಗಳವು.

ದಾರಿ ಉಳಿಯಿತು, ಜನ ಉಳಿಯಲಿಲ್ಲ. ನಾವು ಸುತ್ತಿದ ಲೋಜೇರ್ ಜಿಲ್ಲೆಯಲ್ಲಿ 1851ರಲ್ಲಿ ಸುಮಾರು 1,44,000 ಜನರಿದ್ದರು. ಈಗ ಇರುವವರು ಸುಮಾರು 76,000. ಯೂರೋಪಿನ ನೆಲದಲ್ಲಿರುವ ಫ್ರೆಂಚ್ ಜಿಲ್ಲೆಗಳಲ್ಲಿ ಇದಕ್ಕಿಂತ ಕಡಿಮೆ ಜನರಿರುವುದು ಬೇರೊಂದಿಲ್ಲ. ರೈಲಿನ ಕಥೆಯೂ ಹೀಗೆಯೇ. ಬರ್ಗಂಡಿ ಪ್ರಾಂತದಲ್ಲಿ ಜೀವ್ರಿಯಿಂದ ಕ್ಲೂನಿಯವರೆಗೆ ರೈಲು ನಿಂತುಹೋದ ಹಾದಿಯನ್ನು 1997ರಲ್ಲಿ ಸೈಕಲ್ಲಿನವರಿಗೂ ನಡೆಯುವವರಿಗೂ ಬಿಟ್ಟುಕೊಟ್ಟರು. ‘ಹಸುರುದಾರಿ’ ಎಂದು ಅದಕ್ಕೆ ಹೆಸರು. ಕ್ಲೂನಿಯಿಂದ ಆಚೆ ಅದೇ ಹಾದಿಯಲ್ಲಿ ಒಂದು ಮೈಲಿ ಉದ್ದದ ಸುರಂಗವುಂಟು. ಚಳಿಗಾಲದಲ್ಲಿ ಬಾವಲಿಗಳು ನಿದ್ರಿಸುವುವೆಂದು ಅದನ್ನು ಮುಚ್ಚಿಬಿಡುವರು. ಬಾವಲಿಗಳ ಭಾಗ್ಯ!

ನಮ್ಮ ಯಾತ್ರೆ ವಿಲ್‌ಫೋರ್ ಎಂಬ ರೈಲುನಿಲ್ದಾಣದಿಂದ ಹೊರಟಿತು. ಬ್ಲೇಮಾರ್ ಗ್ರಾಮದಲ್ಲಿ ತಂಗಿ, ಮರುದಿನ ಲೋಜೇರ್ ಪರ್ವತವನ್ನೇರಿದೆವು. ಫಿನಿಯೆಲ್ ಕಣಿವೆ ಎಂಬ ದಾಟುದಾರಿಯ ಎತ್ತರ 1,541 ಮೀಟರು. ಆಂಗ್ಲಭಾಷೆಯ ಲೇಖಕ ಸ್ಟೀವನ್ಸನ್ 1878ರಲ್ಲಿ ಒಂದು ಹೆಣ್ಣು ಕತ್ತೆಯನ್ನು ಹೊಡೆದುಕೊಂಡು ಇದೇ ಪರ್ವತವನ್ನು ದಾಟಿದನು. ಮೇಲೆ ಮರಗಳಿಲ್ಲ, ಒಣಹುಲ್ಲು, ಬಂಡೆ, ಗಾಳಿ. ದಾರಿ ತಪ್ಪದಿರಲೆಂದು ನೆಟ್ಟ ಉದ್ದುದ್ದ ಕಲ್ಲುಗಳು ಅಲ್ಲಲ್ಲಿ ನಿಂತಿರುವುವು. ಈ ಪರ್ವತದ ಸುತ್ತಣ ಕೆಲವು ಕೇರಿಗಳಲ್ಲಿ ದೇವಾಲಯವೇ ಇಲ್ಲದೆ ಬರಿಯ ಗಂಟೆಗೋಪುರವಿದೆ. ಹಿಮದ ಬಿರುಗಾಳಿ ಎದ್ದಾಗ, ಕಣ್ಣು ಕಾಣದೆ ಅಲೆಯುವ ದಾರಿಹೋಕನು ನಾದವನ್ನು ಅನುಸರಿಸಿ ಊರು ಸೇರಲೆಂದು ಊರವರು ಅದನ್ನು ಬಾರಿಸುತ್ತಿದ್ದರು. ಬಾರಿಸಲು ಜನರಿದ್ದ ಕಾಲ ಅದು.

ಆಚೆಯ ಇಳಿಜಾರಿನಲ್ಲಿ ಪೆಡಲನ್ನು ಮುಟ್ಟದೆ ತಾರ್ನ್ ನದಿಯವರೆಗೆ ಜಾರಿದೆವು. ನದಿಯ ಪಕ್ಕದಲ್ಲಿ ಫ್ಲೊರಾಕ್ ಪಟ್ಟಣ; ಅಲ್ಲಿಂದ ಬೆಟ್ಟದ ನೆತ್ತಿಯ ಮೇಲೆಯೇ ಸಾಗುವ ದಾರಿ. ಎರಡು ಪಕ್ಕಗಳಲ್ಲಿಯೂ ಅಲೆಯ ಮೇಲೆ ಅಲೆಯಂತೆ ನೀಲಿಯ ಬೆಟ್ಟಗಳು, ಚೆಸ್ಟ್‌ನಟ್ ಮರಗಳ ಕಾಡು, ಕಾಡಿನೊಳಗೆ ಕುಸಿಯುತ್ತಿರುವ ಕಲ್ಲಿನ ಅಂಚುಗಟ್ಟೆಗಳು. ಒಂದು ಕಾಲದಲ್ಲಿ ಆ ಪಾವಟಿಗೆಗಳ ಮೇಲೆ ಹಿಪ್ಪುನೇರಳೆ ಬೆಳೆಯುತ್ತಿದ್ದಿತು. ನಾವು ಕಂಡ ಎತ್ತರವಾದ ಮನೆಗಳ ಮೇಲಂತಸ್ತು ರೇಷ್ಮೆಹುಳುವನ್ನು ಸಾಕುವುದಕ್ಕೆಂದು ಕಟ್ಟಿದುದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಪೆಬ್ರಿನ್ ಎಂಬ ರೋಗವು, ಅಂದರೆ ನಮ್ಮ ರೇಷ್ಮೆಯವರು ಗಂಟುರೋಗವೆನ್ನುವುದು, ಹುಳುಗಳಿಗೆ ತಗುಲಿ ಬದುಕು ಮುರಿಯಿತು. ಸರಕಾರದ ಕೋರಿಕೆಯ ಮೇರೆಗೆ ಲೂಯಿ ಪಾಶ್ಚರ್ 1865ರಲ್ಲಿ ಈ ಬೆಟ್ಟಗಳ ಬುಡದ ಅಲೇಸ್ ಪಟ್ಟಣಕ್ಕೆ ಬಂದನು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗಾಣು ಕಂಡರೆ ಅದರ ಮೊಟ್ಟೆಗಳನ್ನು ನಾಶಮಾಡಬೇಕೆಂಬ ಅವನ ಕ್ರಮವು ನಮ್ಮ ಕರ್ನಾಟಕದ ಬಿತ್ತನೆ ಕೇಂದ್ರಗಳಲ್ಲಿ ಇಂದಿಗೂ ನಡೆಯುತ್ತಿರುವುದು. ಸೆವೆನ್ನಿನಲ್ಲಿ ಕಲಿತ ಪಾಠವು ರಾಮನಗರದ ಗೂಡಿನ ಮಾರುಕಟ್ಟೆಯನ್ನು ಕಾಯುತ್ತಿದೆ. ಸೆವೆನ್ನಿನ ರೇಷ್ಮೆಯೋ ಏಷ್ಯಾದ ಅಗ್ಗದ ರೇಷ್ಮೆಯ ಎದುರಿಗೆ ನಿಲ್ಲಲಾರದೆ ಹೋಯಿತು. ಜನರು ಗಣಿಗಳಿಗೂ ನಗರಗಳಿಗೂ ಇಳಿದರು. ಉಳಿದ ತರುಣರಲ್ಲಿ ಎಷ್ಟು ಮಂದಿ 1914ರಿಂದ 1918ರ ಯುದ್ಧದಲ್ಲಿ ಮಡಿದರೆಂಬುದನ್ನು ಊರೂರಿನ ಸ್ಮಾರಕಶಿಲೆಯೂ ಹೇಳುವುದು. ಹತ್ತು ಮನೆಯ ಕೇರಿಯೊಂದರ ಕಲ್ಲಿನ ಮೇಲೆ ಹದಿನೇಳು ಹೆಸರುಗಳನ್ನು ಎಣಿಸಿದೆವು.

ನಾಲ್ಕನೆಯ ಸಂಜೆ ತಂಗಿದುದು ಅಂಥದೇ ಒಂದು ಕೇರಿಯಲ್ಲಿ. ದಾರಿಹೋಕರಿಗೆ ಹಾಸಿಗೆ ಕೊಡುವ ಮನೆ ಅದು. ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿದ ಅಕ್ಷರಗಳನ್ನು ಅಳಿಯಂದಿರು ಓದಿ, “ಮಾವ, ಇದು ಶಾಲೆ” ಎಂದರು. ಕಲಿಕೆಯನ್ನು 1881ರಲ್ಲಿ ಉಚಿತವನ್ನಾಗಿಯೂ 1882ರಲ್ಲಿ ಕಡ್ಡಾಯವನ್ನಾಗಿಯೂ ಮಾಡಿದ ಮೇಲೆ ಆ ದೇಶದ ಮೂಲೆಮೂಲೆಗಳಲ್ಲಿ ಎದ್ದ ಶಾಲೆಗಳಲ್ಲಿ ಇದೊಂದು. ಊಟದ ಕೋಣೆಯ ಗೋಡೆಯ ಮೇಲೆ ಕಪ್ಪುಹಲಗೆ ಹಾಗೆಯೇ ಇದ್ದಿತು. ಅದರ ಮೇಲೆ ಆ ರಾತ್ರಿಯ ಅಡಿಗೆಯನ್ನು ಬರೆದಿದ್ದರು. ಮೂವತ್ತೈದು ವರ್ಷ ಹಲಗೆಯ ಮುಂದೆ ನಿಂತ ನಮಗೆ ಅನ್ನ ಗಂಟಲಿನಲ್ಲಿ ಇಳಿಯುವುದು ಕಷ್ಟವಾಯಿತು.

ಪಕ್ಕದ ಮನೆಯ ಅಜ್ಜಿ ಮಾತನಾಡಲು ಬಂದರು. ಎಂಬತ್ತು ದಾಟಿದವರು. ಅದೇ ಕೋಣೆಯಲ್ಲಿ ಇಪ್ಪತ್ತೆರಡು ಮಕ್ಕಳೊಡನೆ ಓದಿದವರು. ಬಾಲ್ಯದಲ್ಲಿ ಹುಳುಗಳಿಗೆ ಸೊಪ್ಪನ್ನು ಕಿತ್ತವರು. ಅಳಿಯಂದಿರ ಮುಖಾಂತರ ನಾವು ಸಂತೋಷದಿಂದ, “ನಿಮ್ಮ ದಾರಿಗಳಲ್ಲಿ ಮೋಟಾರುಗಳೇ ಇಲ್ಲ, ಎಂಥ ಶಾಂತಿ!” ಎಂದೆವು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, “ರೊಟ್ಟಿಯ ವ್ಯಾನು ವಾರಕ್ಕೆ ಎರಡು ದಿನ ಬರುತ್ತದೆ. ಆ ದಿನ ಬೆಳಿಗ್ಗೆಯಿಂದಲೇ ಕಿಟಕಿಯ ಬಳಿ ಕೂತಿರುತ್ತೇನೆ” ಎಂದರು. ಅದರಲ್ಲಿ ಮುನಿಸಿರಲಿಲ್ಲ. ಸೈಕಲ್ಲಿನವರು ಬರುವುದರಿಂದ ಶಾಲೆಯ ಮಾಡು ಬೀಳದೆ ನಿಂತಿದೆಯೆಂದೂ ಅವರೇ ಹೇಳಿದರು. ಆದರೆ ಮೂರು ದಿನಗಳಿಂದ ಹಾದುಹೋದ ಮೋಟಾರುಗಳನ್ನು ಎಣಿಸಿ, ಕಡಿಮೆಯಾದಷ್ಟೂ ಹಿಗ್ಗುತ್ತಿದ್ದ ನಮಗೆ ಆ ಲೆಕ್ಕವನ್ನು ಮುಂದುವರಿಸುವ ಮನಸ್ಸಾಗಲಿಲ್ಲ.

ಮರುದಿನ ರೊಟ್ಟಿಯ ದಿನ. ಬೇಗ ಹೊರಟರೆ ಬಿಸಿಲಿಗೆ ಮೊದಲು ಇಳಿಯಬಹುದಾಗಿದ್ದರೂ ಹತ್ತೂವರೆಯವರೆಗೆ ಕಾದೆವು. ಕೆಳಗಿನ ತಿರುವಿನಲ್ಲಿ ಹಾರನ್ನಿನ ಸದ್ದು ಕೇಳಿತು. ಅಜ್ಜಿ ಬಾಗಿಲಿಗೆ ಬಂದರು; ಇನ್ನಿಬ್ಬರು ಎಲ್ಲಿಂದಲೋ ಬಂದರು. ವ್ಯಾನಿನವನು ರೊಟ್ಟಿಯ ಜೊತೆಗೆ ಕೆಳಗಿನ ಊರಿನ ಸಮಾಚಾರವನ್ನೂ ಕೊಟ್ಟನು. ನಾವೂ ಎರಡು ರೊಟ್ಟಿಗಳನ್ನು ಕೊಂಡು ಚೀಲಕ್ಕೆ ಹಾಕಿ, ಬ್ರೇಕುಗಳನ್ನು ಒಮ್ಮೆ ಪರೀಕ್ಷಿಸಿ, ಅಲೇಸಿನ ರೈಲಿಗೆಂದು ಇಳಿಯತೊಡಗಿದೆವು.