‘ಬಣ್ಣ ಬಳಿದ ಹಕ್ಕಿ’: ಕಾದಂಬರಿಯೂ ಸಾಕ್ಷ್ಯವೂ

ಯೆರ್ಜಿ ಕೊಸಿನ್ಸ್ಕಿಯು ಇಂಗ್ಲಿಷಿನಲ್ಲಿ ಬರೆದ ‘ದಿ ಪೇಂಟೆಡ್ ಬರ್ಡ್’ ಕಾದಂಬರಿಯು 1965ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅದರಲ್ಲಿನ ಕ್ರೌರ್ಯದ ವಿಚಾರವಾಗಿ ಸಾಕಷ್ಟು ಚರ್ಚೆ ನಡೆದಿದೆ. ಅದನ್ನು ಯಾವ ಬಗೆಯ ಸತ್ಯವೆಂದು ಓದಬೇಕೆಂಬುದೇ ನಮಗೆ ಹೆಚ್ಚು ತೊಡಕಿನ ಪ್ರಶ್ನೆಯಾಗಿ ತೋರುತ್ತದೆ.

1939ರಲ್ಲಿ ಯುದ್ಧಭೀತಿಯಿಂದ ತಂದೆತಾಯಿಗಳು ಆರು ವರ್ಷದ ಮಗನನ್ನು ದೂರದ ಹಳ್ಳಿಗೆ ಕಳುಹಿಸುತ್ತಾರೆ. ಅವನನ್ನು ಸಾಕುತ್ತಿದ್ದ ಮುದುಕಿ ಸಾಯುತ್ತಾಳೆ. ಕಪ್ಪು ಕೂದಲು, ಕಪ್ಪು ಕಣ್ಣುಗಳ ಆ ಬಾಲಕನನ್ನು ಜಿಪ್ಸಿಯೆಂದೋ ಯಹೂದ್ಯನೆಂದೋ ಶಂಕಿಸಿ, ಅವನ ದೃಷ್ಟಿ ತಾಗಿದರೆ ಕೇಡೆಂದು ನಂಬಿ, ಹಳ್ಳಿಗರು ಹಿಂಸಿಸುತ್ತಾರೆ. ಒಂದು ಘಟ್ಟದಲ್ಲಿ ಅವನ ಮಾತೇ ನಿಂತುಹೋಗುತ್ತದೆ. ಕೊಲ್ಲಲು ಕರೆದೊಯ್ದ ಜರ್ಮನ್ ಸೈನಿಕನೊಬ್ಬನು ಅವನನ್ನು ಬಿಟ್ಟುಬಿಡುತ್ತಾನೆ, ನೆರೆಹೊರೆಯವರು ಬಿಡುವುದಿಲ್ಲ. ಹಕ್ಕಿಹಿಡಿಯುವ ಲೆಖ್ ಎಂಬವನು ಹಕ್ಕಿಯೊಂದಕ್ಕೆ ಬಣ್ಣ ಬಳಿದು ಅದರ ಹಿಂಡಿಗೇ ಹಾರಿಬಿಡುವ ಪ್ರಸಂಗದಿಂದ ಕೃತಿಗೆ ಹೆಸರು ಬಂದಿದೆ. ಹಿಂಡು ತನ್ನದೇ ಹಕ್ಕಿಯನ್ನು ಗುರುತಿಸದೆ ಕುಕ್ಕಿ ಕೊಲ್ಲುತ್ತದೆ. ಬಣ್ಣ ಬಳಿದ ಕೈ ಮಾತ್ರ ಹಿಂಡಿನದಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಎಲೀ ವೀಸೆಲ್‌ನಂತಹವರೂ ಕೃತಿಯನ್ನು ಮೆಚ್ಚಿದರು. ಅನೇಕರು ಇದನ್ನು ಲೇಖಕನ ಆತ್ಮಕಥೆಯೆಂದೇ ಬಗೆದರು. ಲೇಖಕನೂ ಆ ಭಾವನೆಗೆ ಬಹುಕಾಲ ಇಂಬುಗೊಟ್ಟನು. ವಾಸ್ತವ ಬೇರೆಯಾಗಿತ್ತು. 1933ರಲ್ಲಿ ಪೋಲೆಂಡಿನ ಲೋಡ್ಜ್ ನಗರದಲ್ಲಿ ಯಹೂದಿ ಕುಟುಂಬದಲ್ಲಿ ಹುಟ್ಟಿದ ಅವನು ಯುದ್ಧಕಾಲವನ್ನು ತಂದೆತಾಯಿಗಳೊಡನೆಯೇ, ಕೆಥೊಲಿಕರೆಂಬ ಸೋಗಿನಲ್ಲಿ, ಹಳ್ಳಿಗರ ಆಸರೆಯಿಂದ ಕಳೆದನು. ಯಹೂದ್ಯರಿಗೆ ಆಶ್ರಯವಿತ್ತವರಿಗೆ ಆಗ ಮರಣದಂಡನೆಯಿತ್ತು. ಅವನು ತೀರಿಕೊಂಡ ಮೂರು ವರ್ಷಗಳ ಮೇಲೆ, 1994ರಲ್ಲಿ, ಪೋಲಿಷ್ ಲೇಖಕಿ ಯೊಆನ್ನಾ ಶೆಡ್ಲೆಟ್ಸ್ಕಾ ಆ ಹಳ್ಳಿಗರ ನೆನಪುಗಳನ್ನು ಸಂಗ್ರಹಿಸಿ ಪ್ರಕಟಿಸಿದಳು. ಪ್ರಾಣವನ್ನೇ ಪಣವಿಟ್ಟು ಕಾಪಾಡಿದವರು ಲೋಕದ ಕಣ್ಣಿಗೆ ಪಿಶಾಚಗಳಾಗಿದ್ದರು.

ಹಾಗೆಂದು ಕೃತಿಯನ್ನು ಸುಳ್ಳೆಂದು ತಳ್ಳುವುದು ಸುಲಭವಲ್ಲ. 1941ರ ಜುಲೈ 10ರಂದು ಯೆದ್ವಾಬ್ನೆ ಎಂಬ ಊರಿನಲ್ಲಿ ಪೋಲಿಷ್ ನಿವಾಸಿಗಳೇ ತಮ್ಮ ನೆರೆಯ ಯಹೂದ್ಯರನ್ನು ಕೊಂದರು. ಸತ್ತವರು ಕನಿಷ್ಠ 340 ಮಂದಿಯೆಂದು ಪೋಲೆಂಡಿನ ಅಧಿಕೃತ ತನಿಖೆಯೇ ಹೇಳಿದೆ. ಕಾದಂಬರಿಯು ಕಾಣಿಸಿದ ದ್ವೇಷ ಕಲ್ಪಿತವಲ್ಲ. ಆದರೆ ಪೂರ್ವಗ್ರಹವನ್ನು ಖಂಡಿಸುವ ಈ ಗ್ರಂಥದಲ್ಲಿ ಹಳ್ಳಿಗರಿಗೆ ಬಹುಮಟ್ಟಿಗೆ ಒಂದೇ ಬಣ್ಣ ಬಳಿಯಲಾಗಿದೆಯೆಂಬುದು ನಮ್ಮ ಆಕ್ಷೇಪ. ಕೃತಿಯಲ್ಲಿ ದೇಶದ ಹೆಸರಿಲ್ಲವೆಂಬ ಸಮಾಧಾನವೂ ಸಾಲದು. ಓದುಗರು ಅದನ್ನು ಪೋಲೆಂಡೆಂದೇ ತಿಳಿದರು, ಪೋಲಿಷ್ ಅನುವಾದ ಅಲ್ಲಿ ಹೊರಬರಲು 1989ರವರೆಗೆ ಕಾಯಬೇಕಾಯಿತು. 2019ರಲ್ಲಿ ಇದನ್ನು ಚಲನಚಿತ್ರವಾಗಿಸಿದ ಚೆಕ್ ನಿರ್ದೇಶಕ ವಾಕ್ಲಾವ್ ಮರ್ಹೌಲ್, ಯಾವೊಂದು ಜನಾಂಗದತ್ತಲೂ ಬೆರಳು ತೋರಿಸಬಾರದೆಂದು, ಹಳ್ಳಿಗರ ಬಾಯಲ್ಲಿ ಸ್ಲಾವ್ ಭಾಷೆಗಳನ್ನು ಬೆಸೆದು ಕಟ್ಟಿದ ಕೃತಕ ನುಡಿಯೊಂದನ್ನು ಆಡಿಸಿದ್ದಾನೆ.