ನಿಲ್ಲುವುದನ್ನು ಕಲಿಯುವ ಕುದುರೆ

ಚೆನ್ನಾಗಿ ಸಾಕಿದ ಥರೋಬ್ರೆಡ್ ಜಾತಿಯ ಕುದುರೆ 25 ವರ್ಷ ಬದುಕುತ್ತದೆ. 30ನ್ನು ಮುಟ್ಟಿದವೂ ಉಂಟು. ಇಷ್ಟು ದೀರ್ಘವಾದ ಆಯುಸ್ಸಿನಲ್ಲಿ ರೇಸಿನ ಬಯಲಿಗೆ ಸಲ್ಲುವ ಪಾಲು ಎಷ್ಟೆಂದು ಲೆಕ್ಕ ಹಾಕಿದವರಿಗೆ ಆಶ್ಚರ್ಯವೂ ಅದರ ಬೆನ್ನಿಗೇ ಒಂದು ಬಗೆಯ ಸಂಕಟವೂ ಆಗದಿರದು. 2 ವರ್ಷ ತುಂಬುತ್ತಿದ್ದಂತೆಯೇ ಓಟಕ್ಕೆ ಇಳಿಯುವ ಈ ಪ್ರಾಣಿಯ ಬೆನ್ನೆಲುಬಿನ ಬೆಳವಣಿಗೆ ಪೂರ್ಣವಾಗುವುದು 5 ವರ್ಷ ಕಳೆದ ಮೇಲೆ. ಆ ವೇಳೆಗಾಗಲೇ ಎಷ್ಟೋ ಕುದುರೆಗಳ ಪಂದ್ಯದ ಬಾಳು ಮುಗಿದುಹೋಗಿರುತ್ತದೆ. ಗೆದ್ದು ಹೆಸರಾದ ಕೆಲವು ಸಂತಾನಕ್ಕಾಗಿ ಸಾಕುಮನೆಗಳನ್ನು ಸೇರುತ್ತವೆ. ಉಳಿದವುಗಳ ಪಾಲಿಗೆ, ಮೈಯಲ್ಲಿ ಯೌವನವಿದ್ದು ಮಾಡಲು ಕೆಲಸವಿಲ್ಲದ ಸುಮಾರು 20 ವರ್ಷಗಳು ಮುಂದೆ ಬಿದ್ದಿರುತ್ತವೆ. ಆ 20 ವರ್ಷಗಳನ್ನು ತುಂಬಿಕೊಡುವ ವಿದ್ಯೆಯೊಂದು ಈಚಿನ ನಾಲ್ಕು ದಶಕಗಳಲ್ಲಿ ಇಂಗ್ಲೆಂಡ್ ಅಮೆರಿಕಗಳಲ್ಲಿ ಬೆಳೆದುಬಂದಿದೆ. ಅದನ್ನು ಕುರಿತು ಇಲ್ಲಿ ಕೊಂಚ ವಿಚಾರಮಾಡೋಣ.

ಮೊದಲು ಈ ಪ್ರಾಣಿಯ ಹುಟ್ಟನ್ನು ತಿಳಿಯಬೇಕು. 17ನೆಯ ಶತಮಾನದ ಕೊನೆಯಿಂದ 18ನೆಯ ಶತಮಾನದ ಮೊದಲ ಭಾಗದವರೆಗಿನ ಅವಧಿಯಲ್ಲಿ ಪೂರ್ವದೇಶಗಳಿಂದ ಇಂಗ್ಲೆಂಡಿಗೆ ಬಂದ ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರು ಗಂಡುಕುದುರೆಗಳೇ ಇಂದು ಜಗತ್ತಿನಲ್ಲಿರುವ ಥರೋಬ್ರೆಡ್ ಕುದುರೆಗಳೆಲ್ಲದರ ಪಿತೃವಂಶದ ಮೂಲಪುರುಷರು. 1791ರಲ್ಲಿ ಮೊದಲು ಅಚ್ಚಾದ 'ಜನರಲ್ ಸ್ಟಡ್ ಬುಕ್' ಎಂಬ ವಂಶಾವಳಿಯ ಪುಸ್ತಕ ಆ ಕುಲಕ್ಕೆ ಬೇಲಿ ಹಾಕಿತು. ಅಂದಿನಿಂದ ಮನುಷ್ಯನು ವೇಗವೊಂದನ್ನೇ ಗುಣವೆಂದು ಎಣಿಸಿ, ತಲೆಮಾರಿನಿಂದ ತಲೆಮಾರಿಗೆ ಆಯ್ದು ಆಯ್ದು ಈ ದೇಹವನ್ನು ತಿದ್ದುತ್ತ ಬಂದಿದ್ದಾನೆ. ಲಾಯದಲ್ಲಿ ಸುಮ್ಮನೆ ನಿಂತಾಗ ನಿಮಿಷಕ್ಕೆ 30ರಿಂದ 40 ಸಲ ಬಡಿಯುವ ಅದರ ಹೃದಯ ನಾಗಾಲೋಟದಲ್ಲಿ 220ನ್ನು ಮೀರುತ್ತದೆ. ಓಟ ಮೊದಲಾದೊಡನೆ ಗುಲ್ಮವು ಸಂಕುಚಿಸಿ, ತಾನು ಕೂಡಿಟ್ಟಿದ್ದ ಕೆಂಪು ರಕ್ತಕಣಗಳನ್ನು ನಾಳಗಳಿಗೆ ಸುರಿಯುತ್ತದೆ. ರಕ್ತದಲ್ಲಿ ಆ ಕಣಗಳ ಪಾಲು ನೂರಕ್ಕೆ 40ರಷ್ಟಿದ್ದುದು 60ಕ್ಕೂ ಮೇಲೇರುತ್ತದೆ. ಉಸಿರು ಹೆಜ್ಜೆಗೆ ಕಟ್ಟುಬೀಳುತ್ತದೆ: ನಾಲ್ಕು ಕಾಲಿನ ಒಂದು ನೆಗೆತಕ್ಕೆ ಒಂದು ಉಸಿರು, ಹೆಚ್ಚೂ ಇಲ್ಲ, ಕಡಮೆಯೂ ಇಲ್ಲ. ಹೀಗೆ ಓಟಕ್ಕೆಂದೇ ಕಟ್ಟಿದ ಜೀವವನ್ನು ಒಂದು ದಿನ ಥಟ್ಟನೆ 'ಇನ್ನು ಸಾಕು' ಎಂದು ತಡೆದರೆ, ಸಾಕೆಂಬ ಮಾತಿನ ಅರ್ಥ ಅದಕ್ಕೆ ತಿಳಿಯುವ ಬಗೆ ಯಾವುದು?

ಬಹುಕಾಲ ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರು ವಿರಳ. ಕೇಳುವಂತೆ ಮಾಡಿದ ಘಟನೆಗಳಲ್ಲಿ ಫರ್ಡಿನೆಂಡ್ ಎಂಬ ಕುದುರೆಯ ಕಥೆ ಮುಖ್ಯವಾದುದು. 1986ರಲ್ಲಿ, 54 ವರ್ಷದ ವೃದ್ಧ ಜಾಕಿ ಬಿಲ್ ಶೂಮೇಕರನನ್ನು ಹೊತ್ತು ಕೆಂಟಕಿ ಡರ್ಬಿಯನ್ನು ಗೆದ್ದ ಈ ಕುದುರೆ ಮಾರನೆಯ ವರ್ಷ ಅಮೆರಿಕದ ಅತ್ಯುತ್ತಮ ಅಶ್ವವೆಂಬ ಗೌರವವನ್ನು ಪಡೆಯಿತು. 1994ರಲ್ಲಿ ಸಂತಾನಕ್ಕಾಗಿ ಅದನ್ನು ಜಪಾನಿಗೆ ಕೊಂಡೊಯ್ದರು. ಅದರ ಮರಿಗಳಿಗೆ ಬೇಡಿಕೆ ಕುಗ್ಗಿದಾಗ ಕೈಯಿಂದ ಕೈಗೆ ದಾಟಿ, 2002ರಲ್ಲಿ ಕಸಾಯಿಖಾನೆಯನ್ನು ಸೇರಿತು. ಮಾರನೆಯ ವರ್ಷ ಈ ಸಂಗತಿ ಬಯಲಾದಾಗ ಅಮೆರಿಕದ ಕುದುರೆಪ್ರಿಯರ ನಡುವೆ ಎದ್ದ ಶೋಕ ಸಾಮಾನ್ಯವಾದುದಲ್ಲ. ಲಕ್ಷಾಂತರ ಜನರ ಕಣ್ಣಮುಂದೆ ಗೆದ್ದ ಕುದುರೆಗೇ ಈ ಗತಿಯಾದರೆ, ಒಮ್ಮೆಯೂ ಗೆಲ್ಲದೆ ಹಿಂದುಳಿದವುಗಳ ಗತಿಯೇನು ಎಂಬ ವಿಚಾರ ಅಲ್ಲಿಯವರನ್ನು ಕಾಡತೊಡಗಿತು. ಅದಕ್ಕೂ ಮೊದಲೇ, 1983ರಲ್ಲಿ, ಥರೋಬ್ರೆಡ್ ರಿಟೈರ್‌ಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ಅಮೆರಿಕದಲ್ಲಿ ಹುಟ್ಟಿತ್ತು. ಬ್ರಿಟನ್ನಿನ ರೇಸು ಉದ್ಯಮವು 2000ದಲ್ಲಿ ನಿವೃತ್ತ ಕುದುರೆಗಳ ಮರುಶಿಕ್ಷಣಕ್ಕೆಂದೇ 'ರೀಟ್ರೇನಿಂಗ್ ಆಫ್ ರೇಸ್‌ಹಾರ್ಸಸ್' ಎಂಬ ಧರ್ಮಸಂಸ್ಥೆಯನ್ನು ಕಟ್ಟಿತು. ಇಂದು ಕೆಂಟಕಿಯ ಲೆಕ್ಸಿಂಗ್ಟನ್ನಿನಲ್ಲಿ, ಓಟ ಬಿಟ್ಟು ಹೊಸ ವಿದ್ಯೆ ಕಲಿತ ಕುದುರೆಗಳಿಗಾಗಿಯೇ ಸ್ಪರ್ಧೆಗಳು ನಡೆಯುತ್ತವೆ.

ಈ ಮರುಶಿಕ್ಷಣದ ಮೊದಲ ಪಾಠ ವಿಶ್ರಾಂತಿ. ಕುದುರೆಯ ಮಂಡಿಯಿಂದ ಕೆಳಗೆ ಮಾಂಸಖಂಡವಿಲ್ಲ. ಎಲುಬು, ಸ್ನಾಯುರಜ್ಜು, ಚರ್ಮ ಇಷ್ಟೇ. ಪೂರ್ಣವೇಗದಲ್ಲಿ ಮುಂಗಾಲೊಂದು ನೆಲಕ್ಕೆ ತಗಲಿದಾಗ ಮೈತೂಕದ ಎರಡೂವರೆ ಪಾಲು ಭಾರ, ಎಂದರೆ ಸಾವಿರ ಕಿಲೋಗ್ರಾಮಿಗೂ ಮಿಕ್ಕಿದ ಒತ್ತಡ, ಮನುಷ್ಯನ ಮಣಿಕಟ್ಟಿನಷ್ಟು ಸಪೂರವಾದ ಆ ಒಂದು ಕಾಲಿನ ಮೇಲೆ ಬೀಳುತ್ತದೆ. ಕಾಲಿನ ಹಿಂಬದಿಯ ರಜ್ಜು ಬಿಲ್ಲಿನ ಹೆದೆಯಂತೆ ಎಳೆದುಕೊಂಡು, ಆ ಶಕ್ತಿಯನ್ನು ಹಿಡಿದಿಟ್ಟು, ಮುಂದಿನ ಹೆಜ್ಜೆಗೆ ಹಿಂದಿರುಗಿಸುತ್ತದೆ. ಹಾಗೆ ಹಿಂದಿರುಗಿಸುವಾಗ ಒಂದಂಶ ಶಾಖವಾಗಿ ಉಳಿದು, ರಜ್ಜುವಿನ ಒಳಗಣ ಉಷ್ಣತೆ 45 ಡಿಗ್ರಿ ಸೆಲ್ಸಿಯಸ್‌ವರೆಗೂ ಏರುವುದನ್ನು ಶಾಸ್ತ್ರಜ್ಞರು ಅಳೆದಿದ್ದಾರೆ. ಎಳೆತವೂ ಬೇಗೆಯೂ ಮಿತಿಮೀರಿದಾಗ ನೂಲುಗಳು ಹರಿಯುತ್ತವೆ. ಮಾಯುವುದಕ್ಕೆ ಒಂದು ವರ್ಷವೇ ಬೇಕಾಗಬಹುದು; ಮಾಯ್ದ ಮೇಲೆಯೂ ಅಲ್ಲಿ ಬಂದು ಕೂಡುವುದು ಹಳೆಯ ನೂಲಿನಷ್ಟು ಜಗ್ಗದ ಗಾಯದ ನೂಲು. ಗೊರಸಿನ ವಿಷಯ ಹೀಗಲ್ಲ. ಓಟಕ್ಕೆಂದು ಹೊಡೆದ ಹಗುರವಾದ ಲಾಳಗಳನ್ನು ಕಿತ್ತು, ಕುದುರೆಯನ್ನು ಹುಲ್ಲಿನ ಬಯಲಿಗೆ ಬಿಟ್ಟರೆ, ಮೊಳೆಯ ತೂತುಗಳಿಂದ ಜರ್ಜರಿತವಾದ ಹಳೆಯ ಗೊರಸು ತಿಂಗಳಿಗೆ ಒಂದು ಸೆಂಟಿಮೀಟರಿಗೆ ಕೊಂಚ ಕಡಮೆಯಂತೆ ಕೆಳಕ್ಕೆ ಸರಿದು ಸವೆದು, ಸುಮಾರು ಒಂದು ವರ್ಷಕ್ಕೆ ಇಡಿಯ ಗೊರಸೇ ಹೊಸದಾಗುತ್ತದೆ.

ಎರಡನೆಯ ಪಾಠ ಹೊಟ್ಟೆಗೆ ಸಂಬಂಧಿಸಿದ್ದು. ಹುಲ್ಲುಗಾವಲಿನ ಕುದುರೆ ದಿನದ 16 ಗಂಟೆಗಳಷ್ಟು ಕಾಲ ಮೇಯುತ್ತದೆ. ಅದಕ್ಕೆ ತಕ್ಕಂತೆ ಅದರ ಜಠರ ಹಗಲಿರುಳೂ ಆಮ್ಲವನ್ನು ಸುರಿಸುತ್ತಲೇ ಇರುತ್ತದೆ. ಆ ಆಮ್ಲವನ್ನು ಶಮನಗೊಳಿಸುವ ಜೊಲ್ಲಾದರೋ ಅಗಿಯುವಾಗ ಮಾತ್ರ ಹುಟ್ಟುತ್ತದೆ. ರೇಸಿನ ಲಾಯದಲ್ಲಿ ಹುಲ್ಲು ಕಡಮೆ, ಕಾಳು ಹೆಚ್ಚು. ಗಳಿಗೆಯಲ್ಲಿ ತಿಂದು ಮುಗಿಸಿದ ಮೇಲೆ ಗಂಟೆಗಟ್ಟಲೆ ಬರಿಯ ಹೊಟ್ಟೆ. ಆದುದರಿಂದಲೇ ತಾಲೀಮಿನಲ್ಲಿರುವ ರೇಸ್ ಕುದುರೆಗಳನ್ನು ಪರೀಕ್ಷಿಸಿದಾಗ ಹತ್ತರಲ್ಲಿ ಎಂಟರಷ್ಟಕ್ಕೆ ಜಠರದ ಹುಣ್ಣು ಕಂಡುಬರುತ್ತದೆ. ಜೀನು ಬಿಗಿಯುವಾಗ ಕಿವಿಯನ್ನು ಹಿಂದಕ್ಕೊತ್ತಿ ಕಚ್ಚಲು ಬರುವ ಕುದುರೆಯನ್ನು ದುಷ್ಟಸ್ವಭಾವದ್ದೆಂದು ದೂರುವವರು, ಹೊಟ್ಟೆಪಟ್ಟಿಯ ಕೆಳಗೆ ಒಂದು ಹುಣ್ಣಿರಬಹುದೆಂಬುದನ್ನು ನೆನೆಯಬೇಕು. ಕಾಳನ್ನು ತಗ್ಗಿಸಿ, ಒಣಹುಲ್ಲನ್ನು ಸದಾ ಎದುರಿಗಿಟ್ಟು, ಇನ್ನೆರಡು ಕುದುರೆಗಳ ಜೊತೆ ಬಯಲಿನಲ್ಲಿ ಬಿಟ್ಟಾಗ ಈ ದೌಷ್ಟ್ಯ ತಾನಾಗಿ ಕಳೆದದ್ದುಂಟು. ಜೊತೆಯ ಮಾತೂ ಮುಖ್ಯವೇ. ದಿನದ 22 ಗಂಟೆ ನಾಲ್ಕು ಗೋಡೆಗಳ ನಡುವೆ ಒಂಟಿಯಾಗಿ ಕಳೆದ ಕುದುರೆ ಹಿಂಡಿನ ಮರ್ಯಾದೆಗಳನ್ನು ಮರೆತಿರುತ್ತದೆ. ಹಿರಿಯ ಹೆಣ್ಣುಕುದುರೆಯೊಂದು ಕಿವಿ ಮಡಿಸಿ ಗದರಿಸಿದಾಗ ದೂರ ಸರಿಯಬೇಕೆಂಬುದನ್ನು ಅದು ಮತ್ತೆ ಕಲಿಯಬೇಕಾಗುತ್ತದೆ.

ಇಷ್ಟಾದಮೇಲೆ ಸವಾರಿಯ ಪಾಠ. ಇಲ್ಲಿ ನಾವು ಕೊಂಚ ಹತ್ತಿರ ನಿಂತು ನೋಡಬೇಕು. ಸಾಮಾನ್ಯ ಸವಾರನು ಕುದುರೆಯನ್ನು ನಿಧಾನಗೊಳಿಸಲು ಲಗಾಮನ್ನು ಬಿಗಿಹಿಡಿಯುತ್ತಾನೆ. ಜಾಕಿಯಾದವನು ರಿಕಾಪುಗಳನ್ನು ಗಿಡ್ಡಮಾಡಿ, ಬೆನ್ನಿಗೆ ಭಾರ ಕೊಡದೆ ಎದ್ದು ನಿಂತು, ಲಗಾಮಿನ ಎರಡೂ ಎಳೆಗಳನ್ನು ಅಡ್ಡಹಾಕಿ ಕುತ್ತಿಗೆಗೊತ್ತಿ ಹಿಡಿಯುತ್ತಾನೆ. ಕುದುರೆ ಆ ಹಿಡಿತಕ್ಕೆ ಬಾಯೊಡ್ಡಿ, ಗೋಡೆಗೊರಗಿದಂತೆ ಒರಗಿ, ಅದರ ಬಲದಿಂದಲೇ ವೇಗವನ್ನು ಹೆಚ್ಚಿಸುತ್ತದೆ. ಗುರಿ ದಾಟಿದಮೇಲೆ ಜಾಕಿ ಎದ್ದು ಕುಳಿತು ಲಗಾಮನ್ನು ಸಡಿಲಿಸಿದಾಗ ಓಟ ತಗ್ಗುತ್ತದೆ. ಹೀಗೆ ಬಿಗಿ ಎಂದರೆ ಓಡು, ಸಡಿಲವೆಂದರೆ ನಿಲ್ಲು ಎಂದು ಕಲಿತ ಪ್ರಾಣಿಯ ಮೇಲೆ ಇದನ್ನರಿಯದ ಸವಾರನೊಬ್ಬನು ಹತ್ತಿ, ಅದು ಓಡಿತೆಂದು ಹೆದರಿ ಲಗಾಮನ್ನು ಜಗ್ಗಿದರೆ, ಅದು ಇನ್ನಷ್ಟು ಓಡುತ್ತದೆ. ಅವನು ಇನ್ನಷ್ಟು ಜಗ್ಗುತ್ತಾನೆ. ತಪ್ಪು ಕುದುರೆಯದಲ್ಲ. ಕಲಿತ ಪಾಠವನ್ನು ಅದು ಶ್ರದ್ಧೆಯಿಂದ ಒಪ್ಪಿಸುತ್ತಿರುತ್ತದೆ.

ಏರುವ ಕ್ರಿಯೆಯೂ ಹಾಗೆಯೇ. ರೇಸಿನ ಬಯಲಿನಲ್ಲಿ ಕುದುರೆ ನಡೆಯುತ್ತಿರುವಾಗಲೇ ಸಹಾಯಕನು ಜಾಕಿಯ ಕಾಲನ್ನು ಹಿಡಿದು ಮೇಲಕ್ಕೆ ಚಿಮ್ಮಿಸುವುದು ವಾಡಿಕೆ. ಸವಾರ ಬೆನ್ನಿಗೆ ಬಂದನೆಂದರೆ ಹೊರಡುವುದೇ ಅದಕ್ಕೆ ತಿಳಿದ ಅರ್ಥ. ಆದಕಾರಣ ಶಿಕ್ಷಕನು ಕುದುರೆಯನ್ನು ಮಣೆಯೊಂದರ ಪಕ್ಕಕ್ಕೆ ತಂದು ನಿಲ್ಲಿಸಿ, ಮಣೆಯ ಮೇಲೆ ತಾನು ಹತ್ತಿ, ಏರದೆ ಇಳಿಯುತ್ತಾನೆ. ಮತ್ತೆ ಹತ್ತಿ ಬೆನ್ನನ್ನು ತಟ್ಟಿ ಇಳಿಯುತ್ತಾನೆ. ಇನ್ನೊಂದು ದಿನ ಹೊಟ್ಟೆಯನ್ನು ಜೀನಿಗೆ ಆನಿಸಿ ಒಂದು ಗಳಿಗೆ ಹಾಗೆಯೇ ಇದ್ದು ಇಳಿಯುತ್ತಾನೆ. ಕುದುರೆಯ ಮೈ ಬಿಗಿದಿರುತ್ತದೆ, ಕಣ್ಣಿನ ಬಿಳಿ ಕಾಣುತ್ತದೆ, ಮುಂಗಾಲು ನೆಲವನ್ನು ಕೆರೆಯುತ್ತದೆ. ಅದು ಅಲುಗಾಡದೆ ನಿಂತ ಕ್ಷಣದಲ್ಲಿಯೇ ಲಗಾಮನ್ನು ಸಡಿಲಿಸಬೇಕು. ಕ್ಷಣ ತಡವಾದರೆ ಪಾಠ ಕೆಡುತ್ತದೆ. ಒತ್ತಡ ತಪ್ಪುವುದೇ ಕುದುರೆಗೆ ಬಹುಮಾನವೆಂಬುದು ಅಶ್ವಶಿಕ್ಷಣದ ಮೂಲಸೂತ್ರ. ಒಂದು ದಿನ ಸವಾರ ಬೆನ್ನ ಮೇಲೆ ಕುಳಿತಿರುವಾಗಲೇ ಕುದುರೆ ತಲೆಯನ್ನು ತಗ್ಗಿಸಿ, ತುಟಿಯನ್ನು ಸಡಿಲಬಿಟ್ಟು, ದೀರ್ಘವಾಗಿ ಉಸಿರ್ಗರೆಯುತ್ತದೆ. ನೋಡಿದವರಿಗೆ ಏನೂ ನಡೆಯಲಿಲ್ಲವೆನ್ನಿಸಬಹುದು. ಶಿಕ್ಷಕನಿಗೆ ಅದು ತಿಂಗಳುಗಳ ದುಡಿಮೆಯ ಫಲ. ಹಳೆಯ ಅಭ್ಯಾಸವನ್ನು ಮನಸ್ಸಿನಿಂದ ಅಳಿಸಲು ಬಾರದು. ಅದರ ಮೇಲೆ ಹೊಸದೊಂದನ್ನು ಎಳೆ ಎಳೆಯಾಗಿ ನೇಯಬಹುದು, ಅಷ್ಟೆ.

ಈ ನೇಯ್ಗೆ ಎಲ್ಲಿಯವರೆಗೆ ಹೋಗಬಲ್ಲುದೆಂಬುದಕ್ಕೆ ಟಚ್ ಆಫ್ ಕ್ಲಾಸ್ ಎಂಬ ಹೆಣ್ಣುಕುದುರೆ ಸಾಕ್ಷಿ. 'ಸ್ಟಿಲ್ಲಾಸ್ಪಿಲ್' ಎಂಬ ಹೆಸರಿನಲ್ಲಿ ಓಡಿದಾಗ ರೇಸಿನಲ್ಲಿ ಅದಕ್ಕೆ ಯಶಸ್ಸಾಗಲಿಲ್ಲ. ಬೇಲಿ ಹಾರುವ ವಿದ್ಯೆಯನ್ನು ಕಲಿತ ಮೇಲೆ, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಸವಾರ ಜೋ ಫಾರ್ಜಿಸನೊಡನೆ 91 ಅಡೆತಡೆಗಳಲ್ಲಿ 90ನ್ನು ಬೀಳಿಸದೆ ದಾಟಿ, ವೈಯಕ್ತಿಕ ಸ್ಪರ್ಧೆಯಲ್ಲಿಯೂ ತಂಡದ ಸ್ಪರ್ಧೆಯಲ್ಲಿಯೂ ಚಿನ್ನವನ್ನು ಗೆದ್ದಿತು. ಅದೇ ವರ್ಷ, ಇದಕ್ಕಿಂತ ಬಹಳ ಸದ್ದಿಲ್ಲದೆ, ನ್ಯೂಯಾರ್ಕ್ ರಾಜ್ಯದ ವಾಲ್‌ಕಿಲ್ ಕಾರಾಗೃಹದ ಹೊಲದಲ್ಲಿ ಇನ್ನೊಂದು ಕೆಲಸ ಮೊದಲಾಯಿತು. ಓಟ ಮುಗಿದ ಕುದುರೆಗಳನ್ನು ಅಲ್ಲಿಗೆ ತಂದು ಕೈದಿಗಳ ವಶಕ್ಕೆ ಕೊಟ್ಟರು. ಗೊರಸು ತಿಕ್ಕುವುದು, ಗಾಯ ಕಟ್ಟುವುದು, ಮೇವನ್ನಳೆಯುವುದು ಇವುಗಳನ್ನು ಅವರು ಶಾಸ್ತ್ರೋಕ್ತವಾಗಿ ಕಲಿತರು. ಕುದುರೆಯ ಬಳಿ ಸಿಟ್ಟು ನಡೆಯದು: ಕೈಯಲ್ಲಿ ಕೋಪವಿದ್ದರೆ ಅದು ದೂರ ಸರಿಯುತ್ತದೆ, ಶಾಂತವಾದ ಕೈಗೆ ಮೈಯೊಡ್ಡುತ್ತದೆ. ಸಮಾಜ ಮುಗಿಯಿತೆಂದು ಬದಿಗಿಟ್ಟ ಎರಡು ಜೀವಗಳು ಅಲ್ಲಿ ಒಂದನ್ನೊಂದು ಕಾಯ್ದವು. ಆ ಮಾದರಿ ಅಮೆರಿಕದ ಇತರ ರಾಜ್ಯಗಳ ಕಾರಾಗೃಹಗಳಿಗೂ ಹಬ್ಬಿತು.

ಎಲ್ಲ ಕುದುರೆಗಳೂ ಬೇಲಿ ಹಾರಲಾರವು. ರಜ್ಜು ಹರಿದು ಮಾಯ್ದದ್ದು ಮಕ್ಕಳನ್ನು ಹೊತ್ತು ಮೆಲ್ಲನೆ ನಡೆಯಬಹುದು. ಕೀಲು ಸವೆದದ್ದು ಸವಾರನನ್ನೇ ಹೊರಲಾರದೆ, ಬಯಲಿನಲ್ಲಿ ಇನ್ನೊಂದು ಕುದುರೆಗೆ ಜೊತೆಯಾಗಿರಬಹುದು. ಯಾವುದಕ್ಕೆ ಯಾವ ಕೆಲಸ ತಕ್ಕುದೆಂದು ನಿರ್ಧರಿಸುವುದರಲ್ಲಿ ಪಶುವೈದ್ಯನ ಕಣ್ಣೂ ಶಿಕ್ಷಕನ ಕೈಯೂ ಕೂಡಬೇಕು. ಕೊಳ್ಳಬಂದವನ ಆಸೆಗೆ ಅಲ್ಲಿ ಕೊನೆಯ ಸ್ಥಾನ.

ಈ ವಿಷಯ ನಮಗೆ ದೂರದ್ದಲ್ಲ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಕುಣಿಗಲ್ ನಮ್ಮದು. ಚಾಮುಂಡಿಬೆಟ್ಟದ ಬುಡದಲ್ಲಿ ರೇಸಿನ ಬಯಲಿರುವ ಮೈಸೂರು, ನಗರದ ನಟ್ಟನಡುವೆ ಅಂಥದೇ ಬಯಲನ್ನು ಇಟ್ಟುಕೊಂಡು ಬಂದ ಬೆಂಗಳೂರು ನಮ್ಮವು. ಓಟ ಮುಗಿದ ಕುದುರೆಗಳು ಸವಾರಿಶಾಲೆಗಳನ್ನು ಸೇರುವುದು ನಮ್ಮಲ್ಲಿಯೂ ಉಂಟು. ಆದರೆ ಸೇರುವುದಕ್ಕೆ ಮೊದಲು ಅವುಗಳಿಗೆ ಬೇಕಾದ ವಿರಾಮವೂ ಪಾಠವೂ ದೊರೆತರೆ ಮಾತ್ರ ಕುದುರೆಯೂ ಕ್ಷೇಮ, ಅದನ್ನೇರುವ ಮಗುವೂ ಕ್ಷೇಮ. ಓಡಲು ಕಲಿಸಿದವನಿಗೆ ನಿಲ್ಲಲು ಕಲಿಸುವ ಋಣವೂ ಇದೆ. ಹೊಸ ಗೊರಸು ಮೂಡಿಬರಲು ಒಂದು ವರ್ಷ ಬೇಕು. ಆ ಒಂದು ವರ್ಷದ ಹುಲ್ಲಿಗೂ ಬಯಲಿಗೂ ತಾಳ್ಮೆಯ ಒಬ್ಬ ಶಿಕ್ಷಕನ ಸಂಬಳಕ್ಕೂ ಆಗುವಷ್ಟು ಹಣವನ್ನು, ರೇಸಿಗೆಂದು ಕುದುರೆಯನ್ನು ಕೊಳ್ಳುವವರು ಕೊಳ್ಳುವ ದಿನವೇ ತೆಗೆದಿಡಲಿ.